ಎರಡು ಸಲ ಮಗುಚಿದ ಗೆರೆ

ಕೆಂಟಿಷ್ ಟೌನ್, ಲಂಡನ್
೬ ಅಕ್ಟೋಬರ್ ೧೯೫೭

ಅಪ್ಪನಿಗೆ,

ಬರ್ಸ್ಲೆಮ್ ಬಿಟ್ಟು ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಕೋಣೆ ಸಿಕ್ಕಿದೆ, ಕೆಲಸ ಸಿಕ್ಕಿದೆ, ನೆಗಡಿಯೂ ಸಿಕ್ಕಿದೆ. ಇಲ್ಲೂ ಹೊಗೆಯೇ. ಆದರೆ ನಮ್ಮೂರಲ್ಲಿ ಇವತ್ತು ಯಾವ ಪಿಂಗಾಣಿ ಭಟ್ಟಿ ಉರಿಯುತ್ತಿದೆ ಎಂದು ಹೊಗೆ ನೋಡಿಯೇ ಹೇಳಬಹುದಿತ್ತು. ಇಲ್ಲಿಯ ಹೊಗೆ ಯಾರದೋ ಗೊತ್ತಾಗುವುದಿಲ್ಲ.

ಮನೆಯೊಡತಿ ಮಿಸೆಸ್ ಕ್ವಿಲ್ ಮೊದಲ ದಿನ ಊಟಕ್ಕೆ ಕರೆದಳು. ತಟ್ಟೆ ಮುಂದಿಟ್ಟ ಮೇಲೆ ನನ್ನ ಕೈ ಸುಮ್ಮನಿರಬೇಕಲ್ಲ! ಯಾವ ಕಾರ್ಖಾನೆಯದು, ಬೆನ್ನಿನ ಮುದ್ರೆ ನೋಡೋಣ ಎಂದು ಎತ್ತಿ ಮಗುಚಿದೆ. ಆಲೂಗಡ್ಡೆ ಮೇಜಿನ ಮೇಲೆ ಉರುಳಿತು. “ನಿಮ್ಮೂರಲ್ಲಿ ಹೀಗೇನಾ ಊಟ ಮಾಡೋದು?” ಅಂದಳು. ಹೌದು ಅಂದೆ. ನಮ್ಮೂರಿನವರು ಸ್ವರ್ಗಕ್ಕೆ ಹೋದರೂ ಮೊದಲು ಅಲ್ಲಿಯ ತಟ್ಟೆಗಳ ಬೆನ್ನು ನೋಡುತ್ತಾರೆ ಎಂದು ಅವಳಿಗೆ ಹೇಗೆ ಹೇಳಲಿ? ತಟ್ಟೆ ನಮ್ಮೂರಿನದೇ. ಆದರೆ ನಿನ್ನ ಕೆತ್ತನೆಯಲ್ಲ. ಅಂಚಿನ ಬಳ್ಳಿಯನ್ನೆಲ್ಲ ಹುಡುಕಿದೆ, ನಿನ್ನ ಬಾಗಿದ ಹುಲ್ಲಿನ ಎಸಳು ಎಲ್ಲೂ ಇರಲಿಲ್ಲ. ತಟ್ಟೆಯ ಚಿತ್ರಗಳಿಗಾಗಿ ನಲವತ್ತು ವರ್ಷ ತಾಮ್ರ ಕೊರೆದವನಿಗೆ ತನ್ನ ಹೆಸರು ಹಾಕುವ ಹಕ್ಕಿಲ್ಲ. ಮಾಲೀಕರ ಕಣ್ಣು ತಪ್ಪಿಸಿ ಒಂದೇ ಒಂದು ಹುಲ್ಲಿನ ಎಸಳನ್ನು ಎಡಕ್ಕೆ ಬಾಗಿಸಿಡಬೇಕು! ನೆನೆದಾಗಲೆಲ್ಲ ಮೈ ಉರಿಯುತ್ತದೆ.

ಕೆಲಸ ಏನು ಎಂದು ಫ್ಲೋರಿ ಅತ್ತೆ ಕೇಳಿದರೆ ಎಲ್ಲವೂ ಎಂದು ಹೇಳು. ಮಿಸ್ ಪಾರ್ಗಿಟರ್ ಅವರ ಚಿತ್ರಶಾಲೆಯಲ್ಲಿ ಸೋಮವಾರ ಪರದೆ ಬಟ್ಟೆಗೆ ನಕ್ಷೆ ಬರೆದರೆ ಬುಧವಾರ ಪುಸ್ತಕದ ರಕ್ಷಾಪುಟ. ಮುಂದಿನ ತಿಂಗಳು ಒಂದು ಸಣ್ಣ ನಾಟಕಶಾಲೆಗೆ ರಂಗದ ಪರದೆ. ನಮ್ಮೂರಲ್ಲಿ ಕಪ್ಪಿಗೆ ಹಿಡಿ ಅಂಟಿಸುವವಳು ಸಾಯುವ ತನಕ ಹಿಡಿಯನ್ನೇ ಅಂಟಿಸುತ್ತಾಳೆ. ಕೆಲಸವನ್ನು ಚೂರು ಮಾಡಿದವರೇ ಮನುಷ್ಯರನ್ನೂ ಚೂರು ಮಾಡಿದರು. ನಗಬೇಡ, ಇದು ಕಾರ್ಮಿಕ ಚಳವಳಿಯ ಪುಸ್ತಿಕೆಯ ಮಾತಾದರೂ ನಿಜ. ಗೆರೆ ಒಂದೇ ಅಪ್ಪ. ಅದು ಬಟ್ಟೆಯ ಮೇಲೂ ನಡೆಯುತ್ತದೆ, ಗೋಡೆಯ ಮೇಲೂ ನಡೆಯುತ್ತದೆ.

ಒಂದು ನಗೆಪಾಟಲಿನ ವಿಷಯ. ಶನಿವಾರಗಳಲ್ಲಿ ಅಣುಬಾಂಬಿನ ವಿರುದ್ಧದ ಸಮಿತಿಗೆ ಪೋಸ್ಟರ್ ಮಾಡಿಕೊಡುತ್ತೇನೆ. ನೆಲಕ್ಕೆ ಹಾಸುವ ಲಿನೋಲಿಯಮ್ ತುಂಡಿನ ಮೇಲೆ ಕೊರೆದು, ಮಸಿ ಬಳಿದು, ಕಾಗದ ಒತ್ತಿ ಎತ್ತಿದರೆ ಚಿತ್ರ, ಅಕ್ಷರ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ! “ಏನಮ್ಮಾ ಬೆರಿಲ್, ಇದನ್ನ ಕನ್ನಡಿ ಹಿಡ್ಕೊಂಡು ನೋಡ್ಬೇಕಾ?” ಎಂದು ಡೆನ್‌ಜಿಲ್ ಎಂಬ ಹುಡುಗ ಕೂಗಿದ. “ಪೊಲೀಸ್ನೋರಿಗೆ ಗೊತ್ತಾಗ್ಬಾರ್ದು ಅಂತ ಬರ್ದಿದಾಳೆ, ಸುಮ್ನಿರೋ” ಎಂದಳು ಇನ್ನೊಬ್ಬಳು. ನಾನು ವಿವರಿಸಿದೆ. ನಮ್ಮಲ್ಲಿ ತಾಮ್ರದ ಮೇಲೆ ನೇರವಾಗಿಯೇ ಕೊರೆಯುತ್ತಾರೆ, ಅದನ್ನು ತೆಳು ಕಾಗದಕ್ಕೆ ಒತ್ತಿದಾಗ ಉಲ್ಟಾ ಆಗುತ್ತದೆ, ಆ ಕಾಗದವನ್ನು ತಟ್ಟೆಗೆ ಉಜ್ಜಿದಾಗ ಮತ್ತೆ ನೇರವಾಗುತ್ತದೆ, ಎರಡು ಸಲ ಮಗುಚುವ ಕೈ ನನ್ನದು ಎಂದೆ. ಅವರು ತಲೆಯಾಡಿಸಿ ಬೇರೆ ಮಾತಿಗೆ ಹೋದರು. ನೀನಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಯಾಕೆ ನಗಬೇಕೆಂದು ಸರಿಯಾಗಿ ತಿಳಿದವಳು ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

ನಿನ್ನ
ಬೆರಿಲ್


ಬರ್ಸ್ಲೆಮ್
೨೦ ಅಕ್ಟೋಬರ್ ೧೯೫೭

ಬೆರಿಲ್,

ಪತ್ರ ತಲುಪಿತು. ನೆಗಡಿಗೆ ಎದೆಗೆ ಬೆಚ್ಚಗೆ ಸುತ್ತಿಕೋ.

ಪೋಸ್ಟರಿನ ವಿಷಯ ಕೆಲಸದ ಬೆಂಚಿನಲ್ಲಿ ಹೇಳಿದೆ. ಕೆತ್ತನೆಯವರು ನಾಲ್ವರೂ ಉಳಿ ಕೆಳಗಿಟ್ಟು ನಕ್ಕರು. ಅವರಲ್ಲಿ ಆಲ್ಬರ್ಟ್ ಹೇಳಿದ್ದು: “ಪಾಪ, ಆ ಹುಡುಗಿಗೆ ಪ್ರಪಂಚ ಎರಡು ಸಲ ಮಗುಚುತ್ತೆ ಅನ್ನೋ ಅಭ್ಯಾಸ. ಲಂಡನ್ನೋರು ಒಂದೇ ಸಲ ಮಗುಚಿ ಕೈ ತೊಳ್ಕೊಂಬಿಡ್ತಾರೆ.”

ನಿನ್ನ ಉಳಿಯನ್ನು ಇಲ್ಲೇ ಮರೆತು ಹೋಗಿದ್ದೆ. ಇದರ ಜೊತೆ ಕಳಿಸಿದ್ದೇನೆ. ಹಿಡಿ ಸ್ವಲ್ಪ ಬಿರಿದಿತ್ತು, ಹೊಸದು ಹಾಕಿದೆ. ನಿನ್ನ ಎಡ ಅಂಗೈಯ ಅಳತೆ ನನಗೆ ನೆನಪಿತ್ತು. ಎಡಗೈಯಲ್ಲಿ ಬರೆದದ್ದಕ್ಕೆ ಸ್ಕೂಲಿನಲ್ಲಿ ಆ ಕೈಗೆ ಪೆಟ್ಟು ಬಿದ್ದ ದಿನ ನಾನು ಹೋಗಿ ಮಾತಾಡಿದ್ದು ನಿನಗೆ ಮರೆತಿರಬಹುದು.

ಎಲ್ಲ ಕೆಲಸ ಮಾಡುತ್ತೇನೆ ಎಂದು ಬರೆದಿದ್ದೀಯ. ಒಳ್ಳೆಯದು. ಒಂದಾದರೂ ಮುಗಿಸು.

ಪಾರಿವಾಳಗಳು ಚೆನ್ನಾಗಿವೆ.

ನಿನ್ನ ತಂದೆ
ಜೆ. ಕ್ಲೂಲೋ


ಕೆಂಟಿಷ್ ಟೌನ್
೧೯ ಜನವರಿ ೧೯೫೮

ಅಪ್ಪಾ,

ಕೂತು ಓದು. ನನ್ನ ನಕ್ಷೆ ತಟ್ಟೆಗಳ ಮೇಲೆ ಬರುತ್ತದೆ! ಒಂದೆರಡು ಮಾದರಿಯಲ್ಲ, ಪೂರ್ತಿ ಊಟದ ಸೆಟ್ಟು, ದೇಶದ ಎಲ್ಲ ಊರುಗಳ ಅಂಗಡಿಗಳಿಗೆ. ಮಿಸ್ ಪಾರ್ಗಿಟರ್ ಹತ್ತಿರ ಸಗಟು ವ್ಯಾಪಾರದವರು ಬಂದಿದ್ದರು. ಗುಲಾಬಿ ಬೇಡ, ಹಳ್ಳಿಯ ಸೇತುವೆ ಬೇಡ, ಹೊಸ ಮನೆಗಳಿಗೆ ಹೊಸ ತಟ್ಟೆ ಬೇಕು ಅಂದರು. ನಾನು ನಮ್ಮ ಹಿತ್ತಲ ಓಣಿ ಬರೆದುಕೊಟ್ಟೆ. ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ಮೇಲೆ ಅಂಗಿ, ಹಾಸಿಗೆಯ ಹೊದಿಕೆ, ನಿನ್ನ ಉದ್ದನೆಯ ಒಳಚಡ್ಡಿ ಕೂಡ. ಕಪ್ಪು ಗೆರೆ, ನಡುನಡುವೆ ಹಳದಿ, ಕೆಂಪು. ಹೆಸರು ‘ಸೋಮವಾರ’. ನಮ್ಮ ಬೀದಿಯ ಒಗೆಯುವ ದಿನ.

ತಾಮ್ರ ಇಲ್ಲ, ಕೊರೆಯುವುದಿಲ್ಲ. ಹೊಸ ಬಗೆಯ ಕಾಗದದ ಮೇಲೆ ಬಣ್ಣದ ಚಿತ್ರ ಅಚ್ಚಾಗಿ ಬರುತ್ತದೆ, ನೀರಲ್ಲಿ ನೆನೆಸಿ ತಟ್ಟೆಯ ಮೇಲೆ ಜಾರಿಸಿದರೆ ಮುಗಿಯಿತು. ಒಂದು ಸಲವೂ ಮಗುಚಬೇಕಿಲ್ಲ! ಅದರಿಂದಲೇ ಬೆಲೆ ಇಳಿದಿದೆ. ಗಣಿಯವನ ಹೆಂಡತಿ, ಬಸ್ಸಿನ ಕಂಡಕ್ಟರು ಯಾರು ಬೇಕಾದರೂ ಕೊಳ್ಳಬಹುದು. ಚೆಲುವು ಕೆಲವರ ಆಸ್ತಿಯಾಗಿರುವ ತನಕ ಅದು ಕದ್ದ ಮಾಲು ಎಂದು ನಾನು ಹದಿನಾರರಲ್ಲಿ ಹೇಳಿದಾಗ ನೀನು “ಟೀ ಆರ್ತಿದೆ, ಕುಡಿ” ಅಂದಿದ್ದೆ. ಈಗ ನೋಡು.

ಇಡೀ ದೇಶಕ್ಕೆ ತಟ್ಟೆ ಮಾಡಿದ ಊರು ನಮ್ಮದು. ನಮ್ಮ ಕಪಾಟಿನಲ್ಲಿ ಒಂದಕ್ಕೊಂದು ಹೊಂದುವ ಎರಡು ತಟ್ಟೆ ಇದ್ದವೇ? ಸೊಟ್ಟ, ಬಿರುಕು, ಬಣ್ಣ ಕದಡಿದ್ದು, ಕಾರ್ಖಾನೆ ಬೇಡವೆಂದದ್ದು. ಅಮ್ಮ ಕಾರ್ಖಾನೆಯ ಮಣ್ಣಿನ ಧೂಳು ಕುಡಿದು ಕುಡಿದೇ ಹೋದಳು. ಅವಳು ಒಂದು ದಿನವಾದರೂ ನೇರವಾದ ತಟ್ಟೆಯಲ್ಲಿ ಉಣ್ಣಲಿಲ್ಲ.

ಬೆನ್ನ ಮೇಲೆ ನನ್ನ ಹೆಸರು ಇರಲೇಬೇಕೆಂದು ಹಟ ಹಿಡಿದೆ, ಒಪ್ಪಿದರು. ಇದು ನಿನಗಾಗಿ ಕೂಡ. ಯಾವ ಕಾರ್ಖಾನೆಯಲ್ಲಿ ಮಾಡಿಸುತ್ತಾರೋ ಇನ್ನೂ ಗೊತ್ತಿಲ್ಲ, ಅದು ವ್ಯಾಪಾರದವರ ಲೆಕ್ಕ.

ಈ ಸುದ್ದಿ ಬಂದ ಸಂಜೆ ಯಾರಿಗೆ ಹೇಳಲಿ ಎಂದು ತಿಳಿಯದೆ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಕೊನೆಯ ನಿಲ್ದಾಣದ ತನಕ ಹೋಗಿ ವಾಪಸ್ಸು ಬಂದೆ.

ನಿನ್ನ
ಬೆರಿಲ್


ಬರ್ಸ್ಲೆಮ್
೨ ಮಾರ್ಚ್ ೧೯೫೮

ಬೆರಿಲ್,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಸುದ್ದಿ ಸಂತೋಷದ್ದು. ಪ್ರಾರ್ಥನಾ ಮಂದಿರದಲ್ಲಿ ಫ್ಲೋರಿ ಎಲ್ಲರಿಗೂ ಹೇಳಿದ್ದಾಳೆ, ಪಾದ್ರಿಗೂ.

ಬೆಂಚಿನಲ್ಲಿ ಕೆಲಸ ಸ್ವಲ್ಪ ಕಡಿಮೆ. ಆಲ್ಬರ್ಟ್ ಮಗಳ ಮನೆಗೆ ಹೋಗಿದ್ದಾನೆ, ಸದ್ಯಕ್ಕೆ ಬರುವುದಿಲ್ಲ.

ಒಂದು ಮಾತು ಕೇಳಬೇಕೆನಿಸಿತು. ನಿನ್ನ ಚಿತ್ರದಲ್ಲಿ ಹಗ್ಗದ ಮೇಲೆ ಬಟ್ಟೆ ಇದೆ ಎಂದು ಬರೆದಿದ್ದೀಯ. ಬಟ್ಟೆ ಹಾಕಿದವಳು ಇದ್ದಾಳೆಯೇ?

ನಿನ್ನ ತಂದೆ
ಜೆ. ಕ್ಲೂಲೋ


ಕೆಂಟಿಷ್ ಟೌನ್
೧೩ ಏಪ್ರಿಲ್ ೧೯೫೮

ಅಪ್ಪನಿಗೆ,

ಈಸ್ಟರ್ ಹಬ್ಬಕ್ಕೆ ಬಾಂಬಿನ ವಿರುದ್ಧ ನಾಲ್ಕು ದಿನ ನಡೆದು ಬಂದೆವು. ಸಾವಿರಾರು ಜನ. ನನ್ನ ಪೋಸ್ಟರ್ ಕೋಲುಗಳ ಮೇಲೆ ಹೋಗುತ್ತಿತ್ತು, ಈ ಸಲ ನೇರವಾಗಿ. ದಾರಿಯುದ್ದಕ್ಕೂ ಎಲ್ಲರ ಕೈ ಹಿಡಿದು ಹಾಡಿದೆ. ಬಂದು ಕೋಣೆಯ ಬಾಗಿಲು ತೆಗೆದರೆ ನಾನು ಹೋಗುವಾಗ ಇಟ್ಟ ಕಪ್ಪು ಇಟ್ಟಲ್ಲೇ ಇತ್ತು. ಮನೆಯಲ್ಲಾದರೆ ಬೈದುಕೊಂಡಾದರೂ ನೀನು ಅದನ್ನು ತೊಳೆದಿಡುತ್ತಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ಅವಳಿಲ್ಲ. ತಟ್ಟೆ ಎಂದರೆ ಗೋಡೆಗೆ ಹಾಕುವ ಚಿತ್ರವಲ್ಲ. ಉಣ್ಣುವವರಿಗೆ ಬೇಕಾದದ್ದು ಲಯ, ಕಥೆಯಲ್ಲ. ದುಡಿಯುವ ಹೆಂಗಸನ್ನು ಅಲಂಕಾರ ಮಾಡಿ ಮಾರುವುದು ಹಳೇ ಮಾಲೀಕರ ಚಾಳಿ, ನಾನು ಅದನ್ನು ಮಾಡುವುದಿಲ್ಲ. ಇದನ್ನು ಮಿಸ್ ಪಾರ್ಗಿಟರ್ ಮುಂದೆಯೂ ವಾದಿಸಿ ಗೆದ್ದಿದ್ದೇನೆ.

ಬರೆಯಲು ನೋಡಿರಲಿಲ್ಲ ಅಂತಲ್ಲ. ಅಮ್ಮನ ಮುಖ ಬರಲಿಲ್ಲ ಅಪ್ಪ. ಅವಳ ಕೈ ನೆನಪಿದೆ, ತೋಳು ಮಡಿಚಿದ ಅಂಗಿ ನೆನಪಿದೆ. ಮುಖದ ಜಾಗಕ್ಕೆ ಬಂದಾಗ ಗೆರೆ ನಿಂತುಬಿಡುತ್ತದೆ.

ಆಗಸ್ಟಿನಲ್ಲಿ ಊರಿಗೆ ಊರೇ ಭಟ್ಟಿ ಆರಿಸಿ ರಜೆಗೆ ಹೋಗುತ್ತದಲ್ಲ, ಆಗ ನೀನು ಇಲ್ಲಿಗೆ ಬಾ. ಅಷ್ಟರಲ್ಲಿ ‘ಸೋಮವಾರ’ ಅಂಗಡಿಗೆ ಬಂದಿರುತ್ತದೆ. ಇಬ್ಬರೂ ಹೋಗಿ ಗಾಜಿನ ಮುಂದೆ ನಿಲ್ಲೋಣ. ಬರುತ್ತೀ ತಾನೆ?

ಬೆರಿಲ್


ಕೆಂಟಿಷ್ ಟೌನ್
೧೨ ಜುಲೈ ೧೯೫೮

ಅಪ್ಪಾ,

ನಾಲ್ಕು ತಿಂಗಳಿಂದ ನಿನ್ನ ಪತ್ರವಿಲ್ಲ. ಯಾಕೆಂದು ಇವತ್ತು ತಿಳಿಯಿತು.

ಆಕ್ಸ್‌ಫರ್ಡ್ ಸ್ಟ್ರೀಟಿನ ಅಂಗಡಿಯ ಗಾಜಿನಲ್ಲಿ ನನ್ನ ತಟ್ಟೆಗಳು! ಒಳಗೆ ಹೋದೆ. ಒಬ್ಬ ಗರ್ಭಿಣಿ ಹೆಂಗಸು ಗಂಡನಿಗೆ ತೋರಿಸುತ್ತಿದ್ದಳು, “ರೀ, ಆ ಚಡ್ಡಿ ನೋಡ್ರೀ, ನಿಮ್ದೇ ತಂದು ನೇತಾಕಿದಾರೆ” ಎಂದು ನಗುತ್ತಿದ್ದಳು. ಅವಳನ್ನು ತಬ್ಬಿಕೊಳ್ಳೋಣ ಎನಿಸಿತು. ಅವರು ಅತ್ತ ಹೋದ ಮೇಲೆ ಒಂದು ತಟ್ಟೆ ಎತ್ತಿ, ನಮ್ಮೂರಿನವಳಲ್ಲವೇ, ಮಗುಚಿದೆ.

‘ಸೋಮವಾರ’ ಎಂದಿತ್ತು. ಕೆಳಗೆ ನನ್ನ ಹೆಸರು. ಅದರ ಕೆಳಗೆ ನಿನ್ನ ಕಾರ್ಖಾನೆಯ ಹೆಸರು. ನನ್ನ ಹೆಸರಿನ ಬದಿಯಲ್ಲಿ, ಬಳ್ಳಿಯೂ ಇಲ್ಲದ ಅಂಚೂ ಇಲ್ಲದ ಖಾಲಿ ಜಾಗದಲ್ಲಿ, ಒಂದು ಹುಲ್ಲಿನ ಎಸಳು. ಎಡಕ್ಕೆ ಬಾಗಿತ್ತು.

ಅಂಗಡಿಯವಳು ಬಂದು, “ಏನಾದ್ರೂ ಒಡೆದಿದ್ಯಾ ಮೇಡಂ?” ಎಂದು ಕೇಳಿದಳು. ಇಲ್ಲ ಅಂದೆ.

ನಿನಗೆ ಗೊತ್ತಿತ್ತು. ಎಂದಿನಿಂದ? ಮಾರ್ಚಿನಲ್ಲಿ ಪತ್ರ ಬರೆದಾಗಲೇ? ಬೆಂಚಿನಲ್ಲಿ ಕೆಲಸ ಕಡಿಮೆ ಎಂದೆ. ಎಷ್ಟು ಕಡಿಮೆ? ಆಲ್ಬರ್ಟ್ ಎಲ್ಲಿ? ಜಾರುವ ಕಾಗದ ಬಂದ ಕಾರ್ಖಾನೆಯಲ್ಲಿ ತಾಮ್ರ ಕೊರೆಯುವವರಿಗೆ ಏನು ಕೆಲಸ ಎಂದು ನಾನು ಯಾಕೆ ಯೋಚಿಸಲಿಲ್ಲ? ಒಂದು ಸಲವೂ ಮಗುಚಬೇಕಿಲ್ಲ ಎಂದು ನಿನಗೇ ಕುಣಿದುಕೊಂಡು ಬರೆದೆನಲ್ಲ!

ಬೈದಾದರೂ ಬರಿ.

ಬೆರಿಲ್


ಬರ್ಸ್ಲೆಮ್
೨೭ ಜುಲೈ ೧೯೫೮

ಬೆರಿಲ್ ಪುಟ್ಟೀ,

ನಿಮ್ಮಪ್ಪ ನಿನ್ನ ಪತ್ರವನ್ನು ಓದಿ ಗಡಿಯಾರದ ಹಿಂದೆ ಇಟ್ಟಿದ್ದಾನೆ. ಅವನು ಬರೆಯುವುದಿಲ್ಲ. ತಮ್ಮನ ಸ್ವಭಾವ ನನಗೆ ಗೊತ್ತಿಲ್ಲವೇ, ಹುಟ್ಟಿದಾಗಲೂ ಅಳಲಿಲ್ಲವಂತೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ, ಮಂಡಿ ನೋವಿನಲ್ಲೂ.

ಕೆತ್ತನೆಯ ಬೆಂಚು ಮುಚ್ಚಿತು. ಆಲ್ಬರ್ಟ್ ಮೊದಲು ಹೋದ, ಆಮೇಲೆ ಉಳಿದವರು, ಕೊನೆಗೆ ನಿಮ್ಮಪ್ಪ. ಚಿತ್ರಕ್ಕೆ ಹೊಸ ಕಾಗದ ಬಂದರೂ ತಟ್ಟೆಯ ಬೆನ್ನಿನ ಮುದ್ರೆಗೆ ಒಂದು ತಾಮ್ರದ ತಗಡು ಬೇಕಾಗಿತ್ತು. ಅದೇ ಆ ಬೆಂಚಿನ ಕೊನೆಯ ಕೆಲಸ. ಮೇಸ್ತ್ರಿ ಹೆಸರು ಬರೆದ ಚೀಟಿ ತಂದು ನಿಂತುಬಿಟ್ಟನಂತೆ. “ಜೇಬೆಜ್, ಇದು ನಿನ್ನ ಮಗಳ ಹೆಸರಲ್ವೇನಯ್ಯಾ? ಬೇರೆ ಕಡೆ ಮಾಡಿಸ್ಲಾ?” ಅಂದನಂತೆ. ನಿಮ್ಮಪ್ಪ, “ಕೊಡಿಲ್ಲಿ. ಬೇರೆಯೋರು ಕೆಡಿಸ್ತಾರೆ” ಅಂದನಂತೆ. ಅಷ್ಟೇ ಮಾತು. ಮುಗಿಸಿ, ಬೆಂಚು ಗುಡಿಸಿ, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದ.

ಊರವರ ಬಾಯಿ ಗೊತ್ತಲ್ಲ. ಪಾರಿವಾಳದ ಕ್ಲಬ್ಬಿನಲ್ಲಿ ಒಬ್ಬ, “ಏನ್ ಜೇಬೆಜ್, ನಿನ್ ಮಗಳು ನಿನ್ನನ್ನೂ ಒಗ್ದು ಹಗ್ಗಕ್ಕೆ ಹಾಕಿದ್ಲಲ್ಲಯ್ಯಾ!” ಅಂದ. ನಿಮ್ಮಪ್ಪ, “ಚೆನ್ನಾಗೇ ಒಗ್ದಿದಾಳೆ. ಮೊದ್ಲು ನಿನ್ನ ಕಾಲರ್ ನೋಡ್ಕೋ” ಅಂದ. ಎಲ್ಲರೂ ನಕ್ಕರು. ಆದರೆ ಅವತ್ತಿನಿಂದ ಕ್ಲಬ್ಬಿಗೆ ಹೋಗಿಲ್ಲ ಕಣೇ.

ಬೆಳಿಗ್ಗೆ ಕಾರ್ಖಾನೆಯ ಸೈರನ್ ಆದಾಗ ಎದ್ದು ಬೂಟು ಹಾಕಿಕೊಳ್ಳುತ್ತಾನೆ. ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾನೆ. ಓಟ್‌ಕೇಕು, ಬೇಕನ್ ಮಾಡಿಕೊಟ್ಟರೆ ತಿನ್ನುತ್ತಾನೆ, ಇಲ್ಲದಿದ್ದರೆ ಇಲ್ಲ.

ನಿನ್ನನ್ನು ಬೈಯಲು ಇದನ್ನು ಬರೆದಿಲ್ಲ. ಬೈಯಬೇಕು ಅನಿಸಿದ್ದೂ ಸುಳ್ಳಲ್ಲ.

ನಿನ್ನ ಅತ್ತೆ
ಫ್ಲೋರಿ


ಕೆಂಟಿಷ್ ಟೌನ್
೧೭ ಆಗಸ್ಟ್ ೧೯೫೮

ಅಪ್ಪಾ,

ಅತ್ತೆ ಎಲ್ಲ ಬರೆದಿದ್ದಾಳೆ.

ನಾನು ಸಗಟು ವ್ಯಾಪಾರದವರ ಕಚೇರಿಗೆ ಹೋಗಿ ನನ್ನ ನಕ್ಷೆ ವಾಪಸ್ಸು ಕೊಡಿ ಅಂದೆ. ಮೇಜಿನ ಹಿಂದಿನ ಮನುಷ್ಯ ಸಿಗಾರ್ ಕೆಳಗಿಟ್ಟು, “ಮಗೂ, ಅದು ಈಗ ನಿಂದಲ್ಲ, ನಮ್ದೂ ಅಲ್ಲ. ಜನರ ಅಡುಗೆಮನೇಲಿದೆ. ಹೋಗಿ ಮನೆಮನೆಗೆ ತಟ್ಟೆ ಕಿತ್ಕೊಂಡು ಬರ್ತೀಯಾ?” ಎಂದು ಕೇಳಿದ. ಎದ್ದು ಬಂದೆ. ನಾನು ಬಯಸಿದ್ದೂ ಅದನ್ನೇ ಅಲ್ಲವೇ, ಜನರ ಅಡುಗೆಮನೆಯಲ್ಲಿ ಇರಲಿ ಎಂದು?

ಓದಿದ ಪುಸ್ತಿಕೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಹುಡುಕಿದೆ. ಮಾಲೀಕ ಹೀಗೆ ಮಾಡಿದರೆ ಏನು ಮಾಡಬೇಕು ಎಂದಿದೆ. ಮಗಳು ಮಾಡಿದರೆ ಏನು ಎಂದು ಯಾವುದರಲ್ಲೂ ಇಲ್ಲ. ಅಗ್ಗವಾದ ಒಳ್ಳೆಯ ತಟ್ಟೆ ಬಡವರಿಗೆ ಬೇಕು ಎಂದು ಈಗಲೂ ನಂಬುತ್ತೇನೆ. ನಿನ್ನ ಬೆಂಚು ಇರಬೇಕಿತ್ತು ಎಂದೂ ನಂಬುತ್ತೇನೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಡಲು ನನಗೆ ಬರುತ್ತಿಲ್ಲ.

ಮಿಸ್ ಪಾರ್ಗಿಟರ್ ಬಳಿ ಕೆಲಸ ಬಿಡುತ್ತೇನೆ ಎಂದಿದ್ದೇನೆ. ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನ ಗೋಡೆಗೆ ಚಿತ್ರ ಬರೆಯುವುದಿತ್ತು, ಅದನ್ನೂ ಬೇಡ ಅಂದೆ. ಅವರು ಅಕ್ಟೋಬರ್ ತನಕ ಯೋಚಿಸು ಅಂದಿದ್ದಾರೆ. ನೀನು ಕಳಿಸಿದ ಉಳಿಯನ್ನು ದಿಂಬಿನ ಬಳಿ ಇಟ್ಟುಕೊಂಡಿದ್ದೇನೆ. ಕೊರೆಯಲು ಮನಸ್ಸಾಗುತ್ತಿಲ್ಲ.

ನಾನು ಮನೆಗೆ ಬರಲೇ? ಬಂದರೆ ನೀನು ನನ್ನ ಜೊತೆ ಮಾತಾಡುತ್ತೀಯಾ?

ಬೆರಿಲ್


ಬರ್ಸ್ಲೆಮ್
೫ ಅಕ್ಟೋಬರ್ ೧೯೫೮

ಬೆರಿಲ್,

ಫ್ಲೋರಿ ಬರೆದದ್ದರಲ್ಲಿ ಅರ್ಧ ನಿಜ. ಉಳಿದರ್ಧ ಮಂಡಿ ನೋವು.

ಆ ಕಾಗದ ನೀನಿಲ್ಲದಿದ್ದರೂ ಬರುತ್ತಿತ್ತು, ಬೇರೆ ಯಾರದೋ ಚಿತ್ರ ಹೊತ್ತುಕೊಂಡು. ಮಾರ್ಚಿನಲ್ಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಸಿಗೆಯೆಲ್ಲ ನಿನಗೆ ಬರೆಯಲು ಕೂತಾಗ ಕೈ ಮುಂದೆ ಹೋಗಲಿಲ್ಲ. ಅದನ್ನು ಇದಕ್ಕಿಂತ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಕೆಲಸ ಬಿಡಬೇಡ. ಒಂದು ಮನೆಯಲ್ಲಿ ಒಬ್ಬರು ಬೆಂಚಿಲ್ಲದೆ ಕೂತರೆ ಸಾಕು. ಮಕ್ಕಳ ಗೋಡೆಯನ್ನು ಮುಗಿಸು.

ನಿನ್ನ ತಟ್ಟೆಗಳು ಮನೆಗೆ ಬಂದಿವೆ. ಮೇಸ್ತ್ರಿ ಕೊಟ್ಟ. ಸೊಟ್ಟದ್ದಲ್ಲ, ಒಳ್ಳೆಯವೇ. ಫ್ಲೋರಿ ಕಪಾಟಿನಲ್ಲಿ ಜೋಡಿಸಿದ್ದಾಳೆ. ಒಂದಕ್ಕೊಂದು ಹೊಂದುತ್ತವೆ. ಆ ಚಡ್ಡಿಯ ವಿಷಯದಲ್ಲಿ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಬರಲೇ ಎಂದು ಕೇಳಿದ್ದೀಯ. ಮುಂಬಾಗಿಲು ನಮ್ಮಲ್ಲಿ ಡಾಕ್ಟರಿಗೆ ಮತ್ತು ಶವದ ಪೆಟ್ಟಿಗೆಗೆ. ಮನೆಯವರು ಬರುವ ಹಿತ್ತಲ ಬಾಗಿಲಿಗೆ ನಾನು ಅಗುಳಿ ಹಾಕಿಲ್ಲ.

ಕೈ ಸುಮ್ಮನಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಲಿನೋಲಿಯಮ್ ಎದ್ದಿತ್ತು. ಒಂದು ತುಂಡು ಕತ್ತರಿಸಿದೆ. ಅವಳ ಮುಖ ಬರಲಿಲ್ಲ ಎಂದು ನೀನು ಬರೆದಿದ್ದೆ. ನನಗೆ ಬರುತ್ತದೆ. ಹಗ್ಗದ ಹತ್ತಿರ ನಿಲ್ಲಿಸಿ ಕೊರೆದೆ, ಬಾಯಲ್ಲಿ ಒಂದು ಕ್ಲಿಪ್ಪು, ಕೈಯಲ್ಲಿ ಒಂದು. ಎಣ್ಣೆಯಲ್ಲಿ ಒಲೆಯ ಮಸಿ ಕಲಸಿ ಬಳಿದು, ಕಾಗದ ಹಾಕಿ, ಚಮಚದ ಬೆನ್ನಿನಿಂದ ಉಜ್ಜಿದೆ. ಎತ್ತಿ ನೋಡಿದರೆ ಉಲ್ಟಾ. ಇಷ್ಟು ವರ್ಷ ಕೊರೆದವನು, ನಿನ್ನ ಪೋಸ್ಟರಿಗೆ ನಕ್ಕವನು, ನಾನೂ ನೇರವಾಗಿಯೇ ಕೊರೆದಿದ್ದೆ. ಆಲ್ಬರ್ಟ್ ಇದ್ದಿದ್ದರೆ ನಗುತ್ತಿದ್ದ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಬ್ಬನೇ ನಗಲು ಬರುವುದಿಲ್ಲ.

ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಅಮ್ಮ ಬಲಗೈಯವಳು. ಇಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕುತ್ತಿರುವುದು ಎಡಗೈ. ಇನ್ನೊಂದು ತುಂಡು ಕತ್ತರಿಸಿ ಸರಿಮಾಡೋಣ ಎಂದು ಚಾಕು ತೆಗೆದೆ. ಆಮೇಲೆ ಬಿಟ್ಟೆ. ಕೊರೆದದ್ದು ಅವಳನ್ನು. ಕಾಗದದ ಮೇಲೆ ಬಂದು ನಿಂತವಳು ನೀನು.

ಅಪ್ಪ